ವಿನ್ಯಾಸಗಾರನ ಕೂಲಿ

ಬೆಳಿಗ್ಗೆ ಎದ್ದಾಗಿನಿಂದ ನಿಮ್ಮ ಕೈಗೆ ಸಿಗುವ ವಸ್ತುಗಳನ್ನು ಒಂದೊಂದಾಗಿ ನೋಡುತ್ತ ಬನ್ನಿ: ಹಾಲಿನ ಪೊಟ್ಟಣ, ಬೆಂಕಿಪೆಟ್ಟಿಗೆ, ಗೋಡೆಯ ಕ್ಯಾಲೆಂಡರು, ಔಷಧದ ಶೀಸೆ, ಮೊನ್ನೆ ಬಂದ ಲಗ್ನಪತ್ರಿಕೆ. ಇವುಗಳಲ್ಲಿ ಒಂದೊಂದರ ಮೇಲೂ ಯಾವ ಅಕ್ಷರ ದೊಡ್ಡದಾಗಬೇಕು, ಯಾವುದು ಸಣ್ಣದಾಗಬೇಕು, ಹೆಸರು ಎಲ್ಲಿ ನಿಲ್ಲಬೇಕು, ಎಷ್ಟು ಜಾಗವನ್ನು ಬರಿದಾಗಿ ಬಿಡಬೇಕು, ಬಣ್ಣ ಯಾವುದು ಎಂಬುದನ್ನು ಯಾರೋ ಒಬ್ಬರು ಕುಳಿತು ನಿಶ್ಚಯಿಸಿದ್ದಾರೆ. ಅವರ ಹೆಸರು ಅಲ್ಲಿ ಇರುವುದಿಲ್ಲ. ಔಷಧದ ಶೀಸೆಯ ಮೇಲಿನ ದಿನಾಂಕವನ್ನು ಮನೆಯ ಹಿರಿಯರು ಸುಲಭವಾಗಿ ಓದಿದರೆ ಯಾರೂ ಆ ಅಜ್ಞಾತನನ್ನು ನೆನೆಯುವುದಿಲ್ಲ. ಓದಲಾರದೆ ಹೋದರೆ ಮಾತ್ರ, 'ಇದನ್ನು ಯಾರು ಮಾಡಿದರಪ್ಪಾ!' ಎಂದು ಬೇಸರಪಡುತ್ತೇವೆ. ಚೆನ್ನಾಗಿ ಮಾಡಿದಷ್ಟೂ ಕಣ್ಣಿಗೆ ಬೀಳದೆ ಹೋಗುವ ಕೆಲಸ ಇದು.

ಇದಕ್ಕೆ ಗ್ರಾಫಿಕ್ ಡಿಸೈನ್ ಎಂದು ಹೆಸರು. ಅಮೆರಿಕದ ಪುಸ್ತಕ ವಿನ್ಯಾಸಗಾರ ಡ್ವಿಗಿನ್ಸ್ ಎಂಬಾತ ೧೯೨೨ರಲ್ಲಿ ಒಂದು ಲೇಖನದಲ್ಲಿ ಈ ಮಾತನ್ನು ಬಳಸಿದ. ನಮ್ಮ ದೇಶದಲ್ಲಿ ೧೯೫೮ರಲ್ಲಿ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಂದು ವರದಿಯನ್ನು ಕೊಟ್ಟರು. ಅದರ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಂದಿನಿಂದ ಇದೊಂದು ಓದಿ ಕಲಿಯುವ ವಿದ್ಯೆ ಎನಿಸಿಕೊಂಡಿದೆ. ಹೀಗೆ ಕಲಿತವರಲ್ಲಿ ಕೆಲವರು ಜಾಹೀರಾತು ಸಂಸ್ಥೆಗಳಲ್ಲಿಯೋ ಪತ್ರಿಕಾ ಕಚೇರಿಗಳಲ್ಲಿಯೋ ಸಂಬಳಕ್ಕೆ ಸೇರುತ್ತಾರೆ. ಇನ್ನು ಕೆಲವರು ಯಾರ ಸಂಬಳವೂ ಬೇಡವೆಂದು, ಮನೆಯ ಒಂದು ಮೂಲೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡು, ಬಂದ ಕೆಲಸವನ್ನು ಬಿಡಿಬಿಡಿಯಾಗಿ ಮಾಡಿಕೊಡುತ್ತಾರೆ. ಅಂಥವರನ್ನು ಫ್ರೀಲಾನ್ಸ್ ವಿನ್ಯಾಸಗಾರರು ಎನ್ನುತ್ತೇವೆ. ನಾನು ಹೇಳಹೊರಟಿರುವುದು ಈ ಎರಡನೆಯ ವರ್ಗದವರ ವಿಚಾರ. ವಿನ್ಯಾಸಗಾರ ಎಂದು ಹೇಳುತ್ತ ಹೋದರೂ ಈ ವೃತ್ತಿಯಲ್ಲಿ ಹೆಂಗಸರೂ ಬಹಳ ಮಂದಿ ಇದ್ದಾರೆಂಬುದನ್ನು ಮರೆಯಬಾರದು.

ಫ್ರೀಲಾನ್ಸ್ ಎಂಬ ಪದದ ಹುಟ್ಟು ಸ್ವಾರಸ್ಯವಾಗಿದೆ. ಲಾನ್ಸ್ ಎಂದರೆ ಭರ್ಜಿ. ಯಾವ ಒಬ್ಬ ದೊರೆಯ ಸೇವೆಗೂ ಕಟ್ಟುಬೀಳದೆ, ಕರೆದವರ ಪರವಾಗಿ ಹಣಕ್ಕೆ ಕಾದಾಡುವ ಸೈನಿಕನ ಭರ್ಜಿ 'ಸ್ವತಂತ್ರ ಭರ್ಜಿ'. ಸರ್ ವಾಲ್ಟರ್ ಸ್ಕಾಟನ 'ಐವಾನ್‌ಹೋ' ಕಾದಂಬರಿ ೧೮೧೯ರಲ್ಲಿ ಪ್ರಕಟವಾದ ಮೇಲೆ ಈ ಮಾತು ಜನಪ್ರಿಯವಾಯಿತು. ಆ ಸೈನಿಕನಿಗೆ ಒಡೆಯನಿಲ್ಲದಿದ್ದುದು ಎಷ್ಟು ನಿಜವೋ, ಯುದ್ಧವಿಲ್ಲದ ತಿಂಗಳಲ್ಲಿ ಅವನ ಕುದುರೆಗೆ ಹುಲ್ಲು ಹಾಕುವವರು ಇಲ್ಲದಿದ್ದುದೂ ಅಷ್ಟೇ ನಿಜ. ಇಂದಿನ ವಿನ್ಯಾಸಗಾರನ ಸ್ಥಿತಿಯೂ ಇದೇ. ಅವನಿಗೆ ಮೇಲಧಿಕಾರಿಯಿಲ್ಲ, ಹಾಗೆಯೇ ತಿಂಗಳ ಮೊದಲ ತಾರೀಖೂ ಇಲ್ಲ, ಹಬ್ಬದ ಮುಂಗಡವೂ ಇಲ್ಲ, ಕಾಯಿಲೆಯ ರಜೆಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ.

ಇಂಥವನ ದಿನ ಹೇಗೆ ಕಳೆಯುತ್ತದೆ? ಕುಂಚ ಹಿಡಿದು ಚಿತ್ರ ಬರೆಯುತ್ತ ಕಳೆಯುತ್ತದೆ ಎಂದು ಬಹುಮಂದಿ ತಿಳಿದಿದ್ದಾರೆ. ವಾಸ್ತವವಾಗಿ ದಿನದ ದೊಡ್ಡ ಭಾಗ ಕೇಳುವುದರಲ್ಲಿ, ಬರೆಯುವುದರಲ್ಲಿ, ಕಾಯುವುದರಲ್ಲಿ ಹೋಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಟ್ನಿಪುಡಿ ಮಾಡಿ ಮಾರುವ ಒಂದು ಸಣ್ಣ ಗೃಹೋದ್ಯಮದವರು ಹೊಸ ಪೊಟ್ಟಣಕ್ಕೆ ವಿನ್ಯಾಸ ಬೇಕೆಂದು ಕೇಳುತ್ತಾರೆ ಎಂದಿಟ್ಟುಕೊಳ್ಳಿ. 'ಚೆನ್ನಾಗಿ ಮಾಡಿಕೊಡಿ' ಎನ್ನುತ್ತಾರೆ. ಚೆನ್ನಾಗಿ ಎಂದರೇನು? ಪೊಟ್ಟಣ ಎಲ್ಲಿ ಮಾರಾಟವಾಗುತ್ತದೆ? ಕಿರಾಣಿ ಅಂಗಡಿಯ ತಂತಿಗೆ ತೂಗುಬೀಳುತ್ತದೆಯೋ, ದೊಡ್ಡ ಮಳಿಗೆಯ ಹಲಗೆಯ ಮೇಲೆ ನಿಲ್ಲುತ್ತದೆಯೋ? ಕೊಳ್ಳುವವರು ಕನ್ನಡ ಓದುವವರೋ, ಇಂಗ್ಲಿಷ್ ಓದುವವರೋ, ಎರಡೂ ಉಂಟೋ? ತೂಕ, ಬೆಲೆ, ತಯಾರಿಸಿದ ದಿನಾಂಕ, ಆಹಾರ ಪರವಾನಗಿಯ ಸಂಖ್ಯೆ, ಸಸ್ಯಾಹಾರವೆಂಬ ಹಸಿರು ಗುರುತು, ಇವುಗಳಿಗೆಲ್ಲ ಜಾಗವೆಲ್ಲಿ? ಎಷ್ಟು ಬಣ್ಣದ ಅಚ್ಚಿಗೆ ಹಣವಿದೆ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಉತ್ತರ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆಯೇ. ಆದರೆ ಈ ಅರ್ಧ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಇದಕ್ಕೆ ಕೂಲಿ ಕೊಡಬೇಕೆಂದು ಯಾರಿಗೂ ತೋರುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವ ವಿನ್ಯಾಸಗಾರನಿಗೆ ಇನ್ನೂ ಕೆಲವು ಕಷ್ಟಗಳುಂಟು. ನಮ್ಮ ಅಕ್ಷರಗಳ ಕೆಳಗೆ ಒತ್ತುಗಳು ಇಳಿಬೀಳುತ್ತವೆ. 'ರಾಷ್ಟ್ರ', 'ಸ್ವಾತಂತ್ರ್ಯ', 'ಲಕ್ಷ್ಮಿ' ಎಂಬ ಪದಗಳನ್ನು ಬರೆದು ನೋಡಿ. ಒಂದು ಅಕ್ಷರದ ಕೆಳಗೆ ಒಂದೊಂದು ಸಲ ಎರಡೆರಡು ಒತ್ತುಗಳು ಬರುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ಕನ್ನಡವನ್ನು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಮಾಡಿದ ಮಾದರಿಯೊಳಕ್ಕೆ ಕನ್ನಡವನ್ನು ಸುರಿದು 'ಆಯಿತು' ಎನ್ನಲಾಗುವುದಿಲ್ಲ. ಇಡೀ ಪುಟವನ್ನು ಹೊಸದಾಗಿ ಯೋಚಿಸಬೇಕು. ಅಲ್ಲದೆ ಇಂಗ್ಲಿಷಿನಲ್ಲಿರುವಂತೆ ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಒಂದು ಹೆಸರನ್ನು ಎತ್ತಿ ತೋರಿಸಬೇಕಾದರೆ ಗಾತ್ರದಿಂದ, ದಪ್ಪದಿಂದ, ಬಣ್ಣದಿಂದ ಅಥವಾ ಸುತ್ತಲಿನ ಬಿಡುವಿನಿಂದ ತೋರಿಸಬೇಕು.

ಗಣಕಯಂತ್ರವೂ ಬಹುಕಾಲ ಕನ್ನಡಕ್ಕೆ ಒಲಿದಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯಾಗಬೇಕೆಂದು ೧೯೯೧ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಆರಂಭದಿಂದಲೇ ಸ್ಥಾನವಿತ್ತು. ಆದರೂ ಪುಟವಿನ್ಯಾಸದ ತಂತ್ರಾಂಶಗಳು ಅದನ್ನು ಸರಿಯಾಗಿ ಜೋಡಿಸಲು ಕಲಿತದ್ದು ತಡವಾಗಿ. ಅಡೋಬಿ ಸಂಸ್ಥೆಯ ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ನೆಲೆ ದೊರೆತದ್ದು ೨೦೧೨ರಲ್ಲಿ. ಅದಕ್ಕೆ ಮೊದಲು ನಮ್ಮವರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಕೆಲಸ ಸಾಗಿಸುತ್ತಿದ್ದರು. ಆ ಕಾಲದ ಕಡತಗಳು ಈಗಲೂ ಕೈಗೆ ಬರುತ್ತವೆ. ಅವುಗಳನ್ನು ಹೊಸ ಸಂಕೇತಕ್ಕೆ ಮಾರ್ಪಡಿಸುವಾಗ ಅರ್ಕಾವತ್ತು ಎಲ್ಲಿಯೋ ಜಾರುತ್ತದೆ, ಒತ್ತು ಪಕ್ಕಕ್ಕೆ ಸರಿಯುತ್ತದೆ. 'ಇದು ಬರೀ ಟೈಪು ಮಾಡಿರುವುದು, ಹಾಕಿಕೊಳ್ಳಿ' ಎಂದು ಕೊಟ್ಟ ಎಂಟು ಪುಟಗಳನ್ನು ಸಾಲುಸಾಲಾಗಿ ಓದಿ ತಿದ್ದುವುದಕ್ಕೆ ಒಂದು ಇಡೀ ದಿನ ಬೇಕಾಗುತ್ತದೆ.

ಅಂಗಡಿಯ ನಾಮಫಲಕಗಳ ವಿಷಯವನ್ನೂ ಇಲ್ಲಿಯೇ ಹೇಳಬಹುದು. ೨೦೨೪ರಲ್ಲಿ ಕರ್ನಾಟಕದ ಕಾನೂನಿಗೆ ಬಂದ ತಿದ್ದುಪಡಿಯಂತೆ ಫಲಕದಲ್ಲಿ ನೂರಕ್ಕೆ ೬೦ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಇದರಿಂದ ವಿನ್ಯಾಸಗಾರರಿಗೆ ಒಂದು ಹೊಸ ಕೆಲಸ ಒದಗಿತು. ಇಂಗ್ಲಿಷಿನಲ್ಲಿ ಮೊದಲು ರೂಪಿಸಿದ ಹೆಸರಿಗೆ ಕನ್ನಡವನ್ನು ತೇಪೆಯಂತೆ ಅಂಟಿಸಿದರೆ ಫಲಕ ಕಾನೂನಿಗೆ ಒಪ್ಪಿದರೂ ಕಣ್ಣಿಗೆ ಒಪ್ಪುವುದಿಲ್ಲ. ಎರಡು ಲಿಪಿಗಳೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕಾದರೆ ಗೆರೆಯ ದಪ್ಪ, ತಿರುವಿನ ದುಂಡುತನ ಎಲ್ಲವನ್ನೂ ಹೊಂದಿಸಬೇಕಾಗುತ್ತದೆ.

ಇನ್ನು ಅಚ್ಚಿನ ಮನೆಯ ಮಾತು. ಮೊಬೈಲಿನಲ್ಲಿ ಝಗಝಗಿಸುವ ಕೇಸರಿ ಬಣ್ಣ ಕಾಗದದ ಮೇಲೆ ಮಂಕಾಯಿತೆಂಬ ದೂರನ್ನು ನೀವೂ ಮಾಡಿರಬಹುದು. ಪರದೆಯ ಬಣ್ಣ ಬೆಳಕಿನಿಂದ ಆದದ್ದು. ಕೆಂಪು, ಹಸಿರು, ನೀಲಿ ಬೆಳಕುಗಳು ಸೇರಿ ಅದು ಉಂಟಾಗುತ್ತದೆ. ಕಾಗದದ ಬಣ್ಣ ಮಸಿಯಿಂದ ಆದದ್ದು. ತಿಳಿನೀಲಿ, ಕೆನ್ನೇರಳೆ ಛಾಯೆಯ ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳಿಂದ ಎಲ್ಲವನ್ನೂ ಸಾಧಿಸಬೇಕು. ಬೆಳಕು ಮಾಡುವ ಚಮತ್ಕಾರವನ್ನೆಲ್ಲ ಮಸಿ ಮಾಡಲಾರದು. ಹಾಗೆಯೇ, ವಾಟ್ಸಾಪಿನಲ್ಲಿ ಕಳುಹಿಸಿದ ಮುದ್ರೆ ಪರದೆಯ ಮೇಲೆ ಸ್ಪಷ್ಟವಾಗಿದ್ದರೂ ಅಚ್ಚಿನಲ್ಲಿ ಮಸುಕಾಗುತ್ತದೆ. ಒಳ್ಳೆಯ ಅಚ್ಚಿಗೆ ಅಂಗುಲವೊಂದಕ್ಕೆ ಸುಮಾರು ೩೦೦ ಚುಕ್ಕೆಗಳು ಬೇಕು. ಕಳುಹಿಸುವ ಹಾದಿಯಲ್ಲಿ ಆ ಚುಕ್ಕೆಗಳು ಉದುರಿ ಹೋಗಿರುತ್ತವೆ. ಕಾಗದವನ್ನು ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಂತೆ ಸುತ್ತಲೂ ೩ ಮಿಲಿಮೀಟರಿನಷ್ಟು ಹೆಚ್ಚು ಬಣ್ಣ ಬಿಡಬೇಕು. ಇವೆಲ್ಲ ಸಣ್ಣ ವಿಷಯಗಳು. ಸಾವಿರ ಪ್ರತಿ ಅಚ್ಚಾದ ಮೇಲೆ ಬಯಲಾದರೆ ಇವೇ ದೊಡ್ಡವಾಗುತ್ತವೆ.

ಈಗ ಈ ವೃತ್ತಿಯಲ್ಲಿ ಅತ್ಯಂತ ಹೆಚ್ಚು ಸಮಯವನ್ನು ತಿನ್ನುವ ಒಂದು ಪುಟ್ಟ ವಾಕ್ಯಕ್ಕೆ ಬರೋಣ. 'ಸ್ವಲ್ಪ ಬದಲಾಯಿಸಿ ನೋಡೋಣ' ಎಂಬುದೇ ಆ ವಾಕ್ಯ. ಹಿಂದೆ ಚಿತ್ರಕ್ಕೆ ಸತುವಿನ ಬ್ಲಾಕು ಮಾಡಿಸುತ್ತಿದ್ದ ಕಾಲದಲ್ಲಿ, ಅಕ್ಷರವನ್ನು ಮೊಳೆಗಳಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಬದಲಾವಣೆಗೆ ಹಣ ಬೀಳುತ್ತದೆಂಬುದು ಮಾಡಿಸುವವರಿಗೂ ಗೊತ್ತಿತ್ತು. ಆದ್ದರಿಂದ ಅವರು ಮೊದಲೇ ಯೋಚಿಸಿ ಹೇಳುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಬದಲಾವಣೆ ಬಿಟ್ಟಿಯೆಂಬ ಭ್ರಾಂತಿ ಹುಟ್ಟಿತು. ಒಂದು ಗುಂಡಿ ಒತ್ತಿದರೆ ಬಣ್ಣ ಬದಲಾಗುತ್ತದಲ್ಲವೇ? ಆಗುತ್ತದೆ. ಆದರೆ ಯಾವ ಬಣ್ಣಕ್ಕೆ ಬದಲಾಗಬೇಕೆಂದು ನಿಶ್ಚಯಿಸುವುದು ಗುಂಡಿಯ ಕೆಲಸವಲ್ಲ. ಒಂದು ಬಣ್ಣ ಬದಲಾದರೆ ಅದರ ಪಕ್ಕದ ಮೂರನ್ನು ಮತ್ತೆ ಹೊಂದಿಸಬೇಕು. ಮನೆಯಲ್ಲಿ ಏಳು ಮಂದಿ ಏಳು ಅಭಿಪ್ರಾಯ ಕೊಟ್ಟು, ಎಲ್ಲವನ್ನೂ ಸೇರಿಸಿರೆಂದು ಹೇಳಿದರೆ ಹನ್ನೊಂದನೆಯ ಮಾದರಿ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ. ನಿರ್ಧಾರ ಮಾಡಲಾರದ ಖರ್ಚು ಹಿಂದೆ ಮಾಡಿಸುವವರ ಮೇಲೆ ಬೀಳುತ್ತಿತ್ತು. ಈಗ ಅದು ಸದ್ದಿಲ್ಲದೆ ವಿನ್ಯಾಸಗಾರನ ರಾತ್ರಿಯ ನಿದ್ರೆಯ ಮೇಲೆ ಬೀಳುತ್ತಿದೆ.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆಯಿತು. ೧೯೮೬ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಎಂಬ ಹೊಸ ಸಂಸ್ಥೆಗೆ ಒಂದು ಮುದ್ರೆ ಬೇಕೆಂದು ಪಾಲ್ ರ್‍ಯಾಂಡ್ ಎಂಬ ಹಿರಿಯ ವಿನ್ಯಾಸಗಾರರನ್ನು ಕೇಳಿದರು. ನಾಲ್ಕಾರು ಮಾದರಿ ತೋರಿಸುವಿರಾ ಎಂದಾಗ ರ್‍ಯಾಂಡ್ ಒಪ್ಪಲಿಲ್ಲ. ನಿಮ್ಮ ಸಮಸ್ಯೆಯನ್ನು ಪರಿಹರಿಸಿಕೊಡುತ್ತೇನೆ, ನೀವು ಹಣ ಕೊಡುತ್ತೀರಿ, ಬಳಸುವುದು ಬಿಡುವುದು ನಿಮಗೆ ಸೇರಿದ್ದು ಎಂಬುದು ಅವರ ನಿಲುವು. ಒಂದೇ ವಿನ್ಯಾಸ ಮಾಡಿದರು. ಅದರ ಕಾರಣಗಳನ್ನು ವಿವರಿಸುವ ಒಂದು ಪುಸ್ತಿಕೆಯನ್ನೂ ಜೊತೆಗೆ ಕೊಟ್ಟರು. ಒಂದು ಲಕ್ಷ ಡಾಲರ್ ಪಡೆದರು. ನಮ್ಮ ಊರಿನ ವಿನ್ಯಾಸಗಾರ ಹಾಗೆ ನಿಂತರೆ ಗಿರಾಕಿ ಮುಂದಿನ ಬೀದಿಗೆ ಹೋಗುವುದು ಖಂಡಿತ. ಆದರೆ ಆ ಪುಸ್ತಿಕೆಯ ಪಾಠವನ್ನು ಎಲ್ಲರೂ ಕಲಿಯಬಹುದು. ಮಾದರಿಯನ್ನು ಬರಿದೇ ಕಳುಹಿಸುವ ಬದಲು, ಹೀಗೇಕೆ ಮಾಡಿದೆನೆಂದು ನಾಲ್ಕು ಸಾಲು ಬರೆದು ಕಳುಹಿಸಿದರೆ 'ಯಾಕೋ ಹಿಡಿಸಲಿಲ್ಲ' ಎಂಬ ಉತ್ತರ ಕಡಿಮೆಯಾಗುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಪ್ರಸಿದ್ಧವಾದದ್ದು. ನೈಕಿ ಪಾದರಕ್ಷೆಗಳ ಮೇಲಿರುವ ಸರಿಗುರುತಿನಂಥ ಚಿಹ್ನೆಯನ್ನು ನೀವು ಬಲ್ಲಿರಿ. ಅದನ್ನು ೧೯೭೧ರಲ್ಲಿ ರಚಿಸಿದವರು ಪೋರ್ಟ್‌ಲೆಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್. ಗಂಟೆಗೆ ಎರಡು ಡಾಲರಿನ ಲೆಕ್ಕದಲ್ಲಿ ಅವರು ಪಡೆದದ್ದು ೩೫ ಡಾಲರು. ಮುಂದೆ ೧೯೮೩ರಲ್ಲಿ ಸಂಸ್ಥೆಯವರು ಅವರನ್ನು ಕರೆದು ವಜ್ರದ ಉಂಗುರವನ್ನೂ ಸಂಸ್ಥೆಯ ಷೇರುಗಳನ್ನೂ ಕೊಟ್ಟು ಗೌರವಿಸಿದರು. ಕಥೆ ಸುಖಾಂತವಾಯಿತು, ಸಂತೋಷ. ಆದರೆ ಆ ಉಂಗುರ ಸಂಸ್ಥೆಯವರ ಔದಾರ್ಯದಿಂದ ಬಂದದ್ದು, ಹಕ್ಕಿನಿಂದ ಬಂದದ್ದಲ್ಲ. ಗಂಟೆಯ ಲೆಕ್ಕದಲ್ಲಿ ಮಾರಿದ ಕೆಲಸಕ್ಕೆ ಗಂಟೆಯ ಬೆಲೆಯೇ ಸಿಗುತ್ತದೆ. ಆ ಗುರುತು ಮುಂದೆ ಎಷ್ಟು ದೂರ ಓಡಿದರೂ ರಚಿಸಿದವರಿಗೆ ಅದರಲ್ಲಿ ಪಾಲಿಲ್ಲ.

ಹಾಗಾದರೆ ಕೂಲಿಯನ್ನು ಹೇಗೆ ಗೊತ್ತುಮಾಡಬೇಕು? ಒಂದು ಸರಳ ಲೆಕ್ಕ ಹಾಕೋಣ. ಮನೆಖರ್ಚಿಗೆ ತಿಂಗಳಿಗೆ ೪೦,೦೦೦ ರೂಪಾಯಿ ಬೇಕೆಂದುಕೊಳ್ಳಿ, ವರ್ಷಕ್ಕೆ ೪,೮೦,೦೦೦. ಗಣಕಯಂತ್ರದ ಸವೆತ, ತಂತ್ರಾಂಶದ ಬಾಡಿಗೆ, ವಿದ್ಯುತ್ತು, ಅಂತರಜಾಲ, ಆರೋಗ್ಯ ವಿಮೆ ಇವುಗಳಿಗೆ ೧,೨೦,೦೦೦ ಸೇರಿಸಿದರೆ ಒಟ್ಟು ೬,೦೦,೦೦೦. ವರ್ಷದ ೩೬೫ ದಿನಗಳಲ್ಲಿ ೫೨ ಭಾನುವಾರಗಳನ್ನೂ, ಹಬ್ಬ, ಮದುವೆ, ಜ್ವರಗಳಿಗೆ ೩೩ ದಿನಗಳನ್ನೂ ಕಳೆಯಿರಿ, ಉಳಿದದ್ದು ೨೮೦. ಅದರಲ್ಲಿ ಹೊಸ ಕೆಲಸ ಹುಡುಕುವುದು, ದರಪಟ್ಟಿ ಬರೆಯುವುದು, ಹಣ ಕೇಳಿ ಅಲೆಯುವುದು, ಹೊಸ ವಿದ್ಯೆ ಕಲಿಯುವುದು, ಕೆಲಸವೇ ಇಲ್ಲದೆ ಕೂರುವುದು ಇವುಗಳಿಗೆ ೧೩೦ ದಿನಗಳು ಹೋದರೆ ಕೂಲಿ ಹುಟ್ಟುವ ದಿನಗಳು ೧೫೦ ಮಾತ್ರ. ಆರು ಲಕ್ಷವನ್ನು ೧೫೦ರಿಂದ ಭಾಗಿಸಿದರೆ ದಿನಕ್ಕೆ ೪,೦೦೦ ರೂಪಾಯಿ. ಮೂರು ದಿನದ ಕೆಲಸಕ್ಕೆ ೧೨,೦೦೦ ಎಂದು ಅವನು ಹೇಳಿದಾಗ 'ದಿನಕ್ಕೆ ನಾಲ್ಕು ಸಾವಿರವೇ!' ಎಂದು ಬೆರಗಾಗುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಅಷ್ಟು ಸಿಕ್ಕರೂ ಅವನ ಕೈಗೆ ಬರುವುದು ಆ ನಲವತ್ತು ಸಾವಿರವೇ.

ಹೇಳಿದ ಕೂಲಿ ಕೈಗೆ ಬರುವುದು ಬೇರೆಯೇ ಅಧ್ಯಾಯ. ಸಂಸ್ಥೆಗಳು ಹಣ ಕೊಡುವಾಗ ವೃತ್ತಿಶುಲ್ಕವೆಂದು ಸಾಮಾನ್ಯವಾಗಿ ನೂರಕ್ಕೆ ಹತ್ತನ್ನು ಆದಾಯ ತೆರಿಗೆಗೆಂದು ಮೊದಲೇ ಹಿಡಿದುಕೊಳ್ಳುತ್ತವೆ. ಅದು ನಷ್ಟವಲ್ಲ, ವರ್ಷದ ಕೊನೆಯಲ್ಲಿ ಲೆಕ್ಕ ಸಲ್ಲಿಸಿದರೆ ಹೆಚ್ಚಿನದು ಹಿಂದಿರುಗುತ್ತದೆ. ಆದರೆ ಅಲ್ಲಿಯವರೆಗೆ ಆ ಹಣವಿಲ್ಲದೆ ಸಂಸಾರ ನಡೆಯಬೇಕು. ೨೦೧೭ರಲ್ಲಿ ಬಂದ ಸರಕು ಸೇವಾ ತೆರಿಗೆಯ ನೋಂದಣಿ, ಸೇವೆ ಒದಗಿಸುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ೨೦ ಲಕ್ಷ ರೂಪಾಯಿ ವಹಿವಾಟು ಮೀರಿದ ಮೇಲೆಯೇ ಕಡ್ಡಾಯ. ಆದ್ದರಿಂದ ಸಣ್ಣ ವಿನ್ಯಾಸಗಾರರು ಅದಕ್ಕೆ ಹೆದರಬೇಕಾದುದಿಲ್ಲ.

ಇದಕ್ಕಿಂತ ಮುಖ್ಯವಾದ ಒಂದು ಕಾನೂನಿದೆ. ಈ ವೃತ್ತಿಯಲ್ಲಿರುವ ಅನೇಕರಿಗೇ ಅದರ ಅರಿವಿಲ್ಲ. ೨೦೦೬ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕನ್ನೋ ಸೇವೆಯನ್ನೋ ಪಡೆದವರು ಒಪ್ಪಿದ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿ ಏನೇ ಆದರೂ ೪೫ ದಿನಗಳನ್ನು ಮೀರಕೂಡದು. ಒಪ್ಪಂದವೇ ಇಲ್ಲದಿದ್ದರೆ ೧೫ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಒಬ್ಬನೇ ಕುಳಿತು ಮನೆಯಲ್ಲಿ ವಿನ್ಯಾಸ ಮಾಡುವವನೂ ೨೦೨೦ರಲ್ಲಿ ಆರಂಭವಾದ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡರೆ ಈ ಕಾಯಿದೆಯ ಆಸರೆ ಪಡೆಯಬಹುದು. ನೋಂದಣಿಗೆ ಶುಲ್ಕವಿಲ್ಲ. ಆದರೆ ಮೊಕದ್ದಮೆ ಹೂಡಿ ಗಿರಾಕಿಯನ್ನು ಕಳೆದುಕೊಳ್ಳುವುದು ಯಾರಿಗೂ ಬೇಡ. ಆದ್ದರಿಂದ ಕೆಲಸದ ಆರಂಭದಲ್ಲಿ ಅರ್ಧ ಹಣ, ಕೊನೆಯ ಕಡತ ಕೊಡುವ ಮೊದಲು ಉಳಿದರ್ಧ ಎಂಬ ಹಳೆಯ ಪದ್ಧತಿಯೇ ಎಲ್ಲಕ್ಕಿಂತ ಕ್ಷೇಮ.

ಮಾಡಿದ ವಿನ್ಯಾಸ ಯಾರ ಸೊತ್ತು ಎಂಬ ಪ್ರಶ್ನೆಯೂ ಜಗಳಕ್ಕೆ ಕಾರಣವಾಗುವುದುಂಟು. ೧೯೫೭ರ ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಸಂಬಳದ ನೌಕರ ಕೆಲಸದ ಅಂಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆಯನೇ ಹಕ್ಕುದಾರ. ಸ್ವತಂತ್ರನಾಗಿ ಮಾಡುವವನು ಆ ವರ್ಗಕ್ಕೆ ಸೇರುವುದಿಲ್ಲ. ಅವನು ತನ್ನ ಹಕ್ಕನ್ನು ಗಿರಾಕಿಗೆ ವಹಿಸಿಕೊಡುವುದಾದರೆ ಅದು ಬರವಣಿಗೆಯಲ್ಲಿರಬೇಕು, ಸಹಿಯಾಗಿರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರ, ತೆಗೆಸಿದ ಛಾಯಾಚಿತ್ರಗಳಿಗೆ ಬೇರೆ ನಿಯಮವಿದೆ. ಹೀಗಿರುವುದರಿಂದ ಬಾಯಿಮಾತು ಇಬ್ಬರಿಗೂ ಅಪಾಯ. ಅಂಗಡಿಯವರು ತಮ್ಮ ಮುದ್ರೆ ತಮ್ಮದೇ ಎಂದು ನಂಬಿ ಹತ್ತು ವರ್ಷ ನಡೆಸಿರುತ್ತಾರೆ, ಕಾಗದದಲ್ಲಿ ಏನೂ ಇರುವುದಿಲ್ಲ. ಒಂದು ಪುಟದ ಕರಾರು ಬರೆದುಕೊಂಡರೆ ಸಾಕು: ಏನು ಮಾಡಿಕೊಡಬೇಕು, ಎಷ್ಟು ಮಾದರಿ, ಎಷ್ಟು ಸಲ ತಿದ್ದುಪಡಿ, ಹಣ ಯಾವಾಗ, ಹಕ್ಕು ಯಾರದು, ಮೂಲ ಕಡತ ಕೊಡಬೇಕೋ ಬೇಡವೋ. ಇದು ಅಪನಂಬಿಕೆಯ ಗುರುತಲ್ಲ. ಮರೆವಿಗೆ ಮದ್ದು ಅಷ್ಟೇ.

ಮೊದಲು ಮಾಡಿ ತೋರಿಸಿ, ಹಿಡಿಸಿದರೆ ಹಣ ಎಂಬ ಷರತ್ತಿನ ವಿಷಯವಾಗಿ ಒಂದು ಮಾತು. ನಮ್ಮ ರೂಪಾಯಿಯ ಚಿಹ್ನೆ ೨೦೧೦ರಲ್ಲಿ ಸಾರ್ವಜನಿಕ ಸ್ಪರ್ಧೆಯಿಂದಲೇ ಆಯ್ಕೆಯಾಯಿತು. ಮೂರು ಸಾವಿರಕ್ಕೂ ಹೆಚ್ಚು ಪ್ರವೇಶಗಳು ಬಂದವು. ಉದಯಕುಮಾರ್ ಅವರ ರಚನೆಗೆ ಎರಡೂವರೆ ಲಕ್ಷ ರೂಪಾಯಿ ಬಹುಮಾನ ದೊರೆಯಿತು. ದೇಶದ ನಾಣ್ಯಕ್ಕೆ ಗುರುತು ಕೊಡುವ ಗೌರವಕ್ಕಾಗಿ ಸಾವಿರಾರು ಮಂದಿ ದುಡಿದದ್ದು ಒಪ್ಪತಕ್ಕದ್ದೇ. ಆದರೆ ಒಂದು ಉಪಾಹಾರಗೃಹದ ಫಲಕಕ್ಕೆ ಹತ್ತು ಮಂದಿಯಿಂದ ಬಿಟ್ಟಿ ಮಾದರಿ ಬರೆಸಿ ಒಬ್ಬನಿಗೆ ಹಣ ಕೊಡುವುದು ಬೇರೆ ಮಾತು. ಹತ್ತು ಹೋಟೆಲುಗಳಲ್ಲಿ ಊಟ ಮಾಡಿ, ರುಚಿ ಹಿಡಿಸಿದ ಒಂದಕ್ಕೆ ಮಾತ್ರ ಬಿಲ್ಲು ತೆರುತ್ತೇನೆಂದರೆ ಆ ಉಪಾಹಾರಗೃಹದವರೇ ಒಪ್ಪಲಾರರು. ಸ್ವಇಚ್ಛೆಯಿಂದ ಕೊಟ್ಟ ದಾನದ ಸಂಗತಿಯೂ ಬೇರೆ. ನ್ಯೂಯಾರ್ಕ್ ನಗರ ಸಂಕಟದಲ್ಲಿದ್ದಾಗ ೧೯೭೭ರಲ್ಲಿ ಮಿಲ್ಟನ್ ಗ್ಲೇಸರ್ ಕೆಂಪು ಹೃದಯದ ಆ ಪ್ರಸಿದ್ಧ ಗುರುತನ್ನು ಹಣ ಪಡೆಯದೆ ಮಾಡಿಕೊಟ್ಟರು. ಕೊಡುವವನು ತಾನೇ ಕೊಟ್ಟದ್ದು ಅದು.

ಹೊಸ ಯಂತ್ರಗಳ ಪ್ರಶ್ನೆಯನ್ನು ನೀವು ಕೇಳದೆ ಬಿಡಲಾರಿರಿ. ಆಸ್ಟ್ರೇಲಿಯದಲ್ಲಿ ೨೦೧೩ರಲ್ಲಿ ಹೊರಬಂದ ಕ್ಯಾನ್ವಾ ಎಂಬ ಸಾಧನದ ಸಿದ್ಧ ಮಾದರಿಗಳಿಂದ ಯಾರು ಬೇಕಾದರೂ ಒಂದು ಆಮಂತ್ರಣವನ್ನು ಜೋಡಿಸಬಹುದು. ೨೦೨೨ರಿಂದೀಚೆಗೆ, ಬಾಯಲ್ಲಿ ಹೇಳಿದ್ದನ್ನು ಕ್ಷಣದಲ್ಲಿ ಚಿತ್ರವಾಗಿಸುವ ಕೃತಕ ಬುದ್ಧಿಯ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ನಾಮಕರಣಕ್ಕೋ ಸತ್ಯನಾರಾಯಣ ಪೂಜೆಗೋ ಇವು ಸಾಕು. ಅದಕ್ಕೆ ವಿನ್ಯಾಸಗಾರನನ್ನು ಹುಡುಕುವ ಅಗತ್ಯವಿಲ್ಲ. ಸಣ್ಣ ಕೆಲಸಗಳು ಇದರಿಂದ ಕೈತಪ್ಪಿ ಹೋಗಿವೆ ಎಂಬುದು ನಿಜ. ಹೊಸದಾಗಿ ವೃತ್ತಿಗೆ ಬಂದವರಿಗೆ ಅಂಥ ಸಣ್ಣ ಕೆಲಸಗಳೇ ಮೊದಲ ಮೆಟ್ಟಿಲಾಗಿದ್ದವು ಎಂಬುದೂ ನಿಜ. ಆದರೆ ಯಂತ್ರ ಇಪ್ಪತ್ತು ಚಿತ್ರಗಳನ್ನು ಕೊಟ್ಟಾಗ ಅದರಲ್ಲಿ ಯಾವುದು ತಕ್ಕದ್ದೆಂದು ಆರಿಸುವವರು ಬೇಕು, ಒತ್ತಕ್ಷರ ತಪ್ಪಿದ್ದರೆ ಕಂಡುಹಿಡಿಯುವವರು ಬೇಕು, ಪೊಟ್ಟಣದ ಮೇಲೆ ತಪ್ಪು ತೂಕ ಅಚ್ಚಾಗದಂತೆ ಹೊಣೆ ಹೊರುವವರು ಬೇಕು. ಯಂತ್ರ ಹೊಣೆ ಹೊರುವುದಿಲ್ಲ. ಕೈಚಳಕದ ಬೆಲೆ ಇಳಿದಷ್ಟೂ ವಿವೇಚನೆಯೇ ವಿನ್ಯಾಸಗಾರನ ಬಂಡವಾಳವಾಗಿ ಉಳಿಯುತ್ತದೆ.

ಕೊನೆಯದಾಗಿ ಮನೆಯೊಳಗಿನ ವಿಷಯ. ಮನೆಯಲ್ಲಿಯೇ ಕುಳಿತು ಕೆಲಸ ಮಾಡುವವರನ್ನು ನಾವು ಕೆಲಸವಿಲ್ಲದವರೆಂದು ಎಣಿಸುವುದುಂಟು. 'ಹೇಗೂ ಮನೆಯಲ್ಲೇ ಇದ್ದೀಯಲ್ಲ' ಎಂದು ಗ್ಯಾಸ್ ಸಿಲಿಂಡರು ಇಳಿಸಿಕೊಳ್ಳುವುದರಿಂದ ಹಿಡಿದು ನೆಂಟರನ್ನು ನಿಲ್ದಾಣದಿಂದ ಕರೆತರುವವರೆಗೆ ಎಲ್ಲವೂ ಅವರ ಪಾಲಿಗೆ ಬರುತ್ತದೆ. ಅವರು ಹೆಣ್ಣುಮಕ್ಕಳಾದರಂತೂ ಕೇಳುವುದೇ ಬೇಡ. ಅಡುಗೆಯ ಮನೆಗೂ ಗಣಕಯಂತ್ರಕ್ಕೂ ನಡುವೆ ದಿನಕ್ಕೆ ನಲವತ್ತು ಸಲ ಓಡಾಡಬೇಕು. ಹಗಲು ಚೂರುಚೂರಾಗಿ ಒಡೆದುಹೋದದ್ದರಿಂದ ಕೆಲಸ ರಾತ್ರಿಗೆ ಸರಿಯುತ್ತದೆ. ಕಣ್ಣೂ ಬೆನ್ನೂ ಅದರ ಬಡ್ಡಿಯನ್ನು ತೆರುತ್ತವೆ. ಮಾತನಾಡಲು ಸಹೋದ್ಯೋಗಿಗಳಿಲ್ಲದ ಒಂಟಿತನ ಬೇರೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಆ ಕೋಣೆಯ ಬಾಗಿಲನ್ನು ತಟ್ಟುವುದಿಲ್ಲವೆಂದು ಮನೆಯವರು ನಿಯಮ ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯ ಮತ್ತೊಂದಿಲ್ಲ.

ನಿಮ್ಮ ಮಗನೋ ಮಗಳೋ ಈ ವೃತ್ತಿ ಹಿಡಿಯುತ್ತೇನೆಂದು ಬಂದರೆ ಕೂಡಲೇ ಬೇಡವೆನ್ನಬೇಡಿ. ಕಣ್ಣು ಮುಚ್ಚಿ ಹೂಂಗುಟ್ಟಲೂ ಬೇಡಿ. ಆರು ತಿಂಗಳ ಖರ್ಚಿಗೆ ಗಂಟಿದೆಯೇ, ಲೆಕ್ಕ ಬರೆಯುವ ಅಭ್ಯಾಸವಿದೆಯೇ, ಮುಖ ಕೆಡಿಸಿಕೊಳ್ಳದೆ 'ಇಲ್ಲ' ಎಂದು ಹೇಳಬಲ್ಲರೇ ಎಂದು ಕೇಳಿ. ಒಂದೆರಡು ವರ್ಷ ಯಾವುದಾದರೂ ಅಚ್ಚುಕೂಟದಲ್ಲಿಯೋ ಸಂಸ್ಥೆಯಲ್ಲಿಯೋ ಸಂಬಳಕ್ಕಿದ್ದು ಮಸಿ, ಕಾಗದ, ಗಿರಾಕಿಗಳ ಪರಿಚಯ ಮಾಡಿಕೊಂಡು ಹೊರಬಂದವರಿಗೆ ಸ್ವತಂತ್ರ ವೃತ್ತಿ ಸುಲಭವಾಗುತ್ತದೆ. ನೀವೇ ಮುಂದೆ ಅಂಗಡಿಗೋ ಮದುವೆಗೋ ಒಬ್ಬ ವಿನ್ಯಾಸಗಾರನ ಬಳಿಗೆ ಹೋದಾಗ ಬೇಕಾದುದನ್ನು ಮನೆಯವರೆಲ್ಲ ಮೊದಲೇ ಕೂತು ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹೆಸರುಗಳ ಕಾಗುಣಿತವನ್ನು ಇಬ್ಬರು ಓದಿ ನೋಡಿರಲಿ. ಮಾತನಾಡುವುದಕ್ಕೆ ಒಬ್ಬರನ್ನೇ ಗೊತ್ತುಮಾಡಿ. ದುಬಾರಿಯೆನಿಸಿದರೆ ಕೆಲಸವನ್ನು ಕಡಿಮೆ ಮಾಡಿ ಕೇಳಿ, ಕೂಲಿಯನ್ನು ಕಡಿಮೆ ಮಾಡಿ ಕೇಳಬೇಡಿ. ಒಪ್ಪಿದ ಹಣವನ್ನು ಒಪ್ಪಿದ ದಿನ ಕಳುಹಿಸಿಕೊಡಿ.